ಅಣ್ಣನ ಮಣ್ಣಿಗೆ ಹೊರಟ ಎಲ್ಡನ್

ಎಲ್ಡನ್ ರೀಪ ಆ ಶನಿವಾರ ಪಟ್ಟ ಪಾಡಿಗೆಲ್ಲ ಒಂದು ಲೋಟ ಕಾಫಿಯೇ ಕಾರಣ. ಲೋಟ ಎಂದರೆ ಅಮೆರಿಕದ ನೆಬ್ರಾಸ್ಕಾದ ಪೆಟ್ರೋಲ್ ಬಂಕುಗಳಲ್ಲಿ ಕೊಡುವ ಲೋಟ. ಅದರಲ್ಲಿ ಒಂದು ಕೂಸಿಗೆ ಸ್ನಾನ ಮಾಡಿಸಬಹುದು. ಅರವತ್ತು ದಾಟಿದ ಗಂಡಸು, ಅದರಲ್ಲೂ ಡಾಕ್ಟರು ಕರೆದು ಕೂರಿಸಿ ಮೂತ್ರಕೋಶದ ಬಗ್ಗೆ ಎಚ್ಚರಿಸಿದ್ದ ಗಂಡಸು, ಎರಡೂ ಬದಿಗೆ ಮೆಕ್ಕೆಜೋಳದ ಕೂಳೆ ಬಿಟ್ಟರೆ ಮರೆಗೆ ಒಂದು ಮರವೂ ಇಲ್ಲದ ರಸ್ತೆಯಲ್ಲಿ ಅದನ್ನು ತಳದವರೆಗೆ ಕುಡಿಯಬಾರದಿತ್ತು.

ಅವನು ಹೊರಟದ್ದು ಅಣ್ಣ ಲೋವೆಲ್‌ನ ಮಣ್ಣಿಗೆ. ಅಣ್ಣತಮ್ಮಂದಿರು ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಹಿಂದಿನ ವಾರ ಅತ್ತಿಗೆ ವರ್ಲಾ ಫೋನು ಮಾಡಿದಾಗ ಎಲ್ಡನ್ ಎತ್ತಲಿಲ್ಲ. ಪರದೆಯ ಮೇಲೆ ಅವಳ ಹೆಸರು ಮಿನುಗುವುದನ್ನು ಬಚ್ಚಲಲ್ಲಿ ಹಾವು ಕಂಡವನ ಹಾಗೆ ನೋಡುತ್ತ ನಿಂತ. ಅದು ಸುಮ್ಮನಾದ ಮೇಲೆ ಅವಳು ಬಿಟ್ಟ ಸಂದೇಶವನ್ನು ಕೇಳಿದ.

"ಎಲ್ಡನ್, ವರ್ಲಾ ಮಾತಾಡ್ತಿರೋದು. ಲೋವೆಲ್‌ಗೆ ಕ್ಯಾನ್ಸರ್ ಅಂತ ನಿಂಗೆ ಯಾರಾದ್ರೂ ಹೇಳಿರ್ಬೇಕು. ಡಾಕ್ಟರು ಕೈ ಚೆಲ್ಲಿಬಿಟ್ರು. ಶನಿವಾರ ಮೂರು ಗಂಟೆಗೆ ಆರ್ಡೆನ್ ಊರಿನ ಹಾಲ್‌ನಲ್ಲಿ ಎಲ್ರೂ ಸೇರಿ ಅವನ ಬಗ್ಗೆ ನಾಲ್ಕು ಮಾತಾಡ್ತಾರೆ. ನೀನೂ ಬಂದು ಮಾತಾಡು. ಕರಿ ಬಟ್ಟೆ ಬೇಡ ಅಂದಿದಾನೆ."

ತಿರುಗಿ ಫೋನು ಮಾಡಬೇಕಿತ್ತು. ಆದರೆ ಒಂಬತ್ತು ವರ್ಷ ಸುಮ್ಮನಿದ್ದವನು ಈಗ ಮಾಡಿ ಏನೆಂದು ಶುರು ಮಾಡುವುದು? ಎದುರಿಗೇ ನಿಂತು ಹೇಳಿದರಾಯಿತು ಎಂದುಕೊಂಡ. ಕರಿ ಬಟ್ಟೆ ಬೇಡ ಎಂದದ್ದೇನೋ ಸರಿ, ಆದರೆ ಎಲ್ಡನ್ ಬಳಿ ಇದ್ದದ್ದೇ ಒಂದು ಸೂಟು, ಅದು ಕಾಗೆಗಿಂತ ಕರಿ. ಅದನ್ನೇ ಹಾಕಿಕೊಂಡು ಹೊರಟ.

ದಾರಿಯುದ್ದಕ್ಕೂ ಊರುಗಳು ಬಂದವು, ಹೋದವು. ಒಂದು ನೋಡಿದರೆ ಎಲ್ಲ ನೋಡಿದ ಹಾಗೆ. ಮೊದಲು ಕಾಲುಗಳ ಮೇಲೆ ನಿಂತ ನೀರಿನ ಟ್ಯಾಂಕು, ಅದರ ಹೊಟ್ಟೆಯ ಮೇಲೆ ಊರಿನ ಹೆಸರು. ಆಮೇಲೆ ಕಾಳು ತುಂಬುವ ಸಿಮೆಂಟಿನ ಗೋಪುರ. ಮೂವತ್ತು ವರ್ಷದ ಹಿಂದೆ ಊರಿನ ಹುಡುಗಿಯರು ವಾಲಿಬಾಲ್‌ನಲ್ಲಿ ರಾಜ್ಯಕ್ಕೆ ಎರಡನೆಯವರಾದದ್ದನ್ನು ಇನ್ನೂ ಸಾರುತ್ತಿದ್ದ ಬೋರ್ಡು. ಬ್ಯಾಂಕಾಗಿದ್ದು, ಹಳೇ ಸಾಮಾನಿನ ಅಂಗಡಿಯಾಗಿ, ಈಗ ಏನೂ ಆಗಿರದ ಇಟ್ಟಿಗೆಯ ಕಟ್ಟಡ. ಒಂದು ಊರಿನ ಚರ್ಚಿನ ಮುಂದೆ 'ನರಕದಲ್ಲಿ ಕಾರು ನಿಲ್ಲಿಸಲು ಜಾಗ ಧಾರಾಳ' ಎಂದು ಬರೆದಿತ್ತು. ಇನ್ನೊಂದು ಊರಿನ ಬಾಗಿಲಲ್ಲಿ ಪೊಲೀಸ್ ಕಾರು, ಒಳಗೆ ಪೊಲೀಸಿನ ಬದಲು ಟೋಪಿ ಹಾಕಿದ ಬೆದರುಬೊಂಬೆ. ಅದು ಬೊಂಬೆ ಎಂದು ಎಲ್ಡನ್‌ಗೆ ಗೊತ್ತಾಯಿತು. ಆದರೂ ಕಾರಿನ ವೇಗ ಇಳಿಸಿ ಅದಕ್ಕೊಂದು ಕೈ ಎತ್ತಿದ. ಅವನ ಸ್ವಭಾವವೇ ಅಂಥದ್ದು.

ಹ್ಯಾಡ್ಲರ್ ಎಂಬ ಊರು ಮುಟ್ಟುವ ಹೊತ್ತಿಗೆ ಕಾಫಿ ತನ್ನ ಕೆಲಸ ಮುಗಿಸಿತ್ತು. ಎಲ್ಡನ್ ಹಲ್ಲು ಕಚ್ಚಿಕೊಂಡು, ತೊಡೆ ಬಿಗಿಹಿಡಿದು, ಸ್ಟೀರಿಂಗಿನ ಮೇಲೆ ಬಾಗಿ ಓಡಿಸುತ್ತಿದ್ದ. ಪೆಟ್ರೋಲ್ ಬಂಕು ಮುಚ್ಚಿತ್ತು. ಗ್ರಂಥಾಲಯ ಮುಚ್ಚಿತ್ತು. ಹೋಟೆಲಿನ ಬಾಗಿಲಿಗೆ ಚೀಟಿ ಅಂಟಿಸಿದ್ದರು: 'ಆಸ್ಕರ್‌ನ ಮಣ್ಣಿಗೆ ಹೋಗಿದ್ದೇವೆ. ಹಣ್ಣು ತುಂಬಿದ ಪೈ ನಾಳೆ ಸಿಗುತ್ತದೆ.'

ತೆರೆದಿದ್ದದ್ದು ಚರ್ಚೊಂದೇ. ಅದರ ಮುಂದೆ ಊರಿನ ಕಾರುಗಳೆಲ್ಲ ಸಂತೆಯ ದನಗಳಂತೆ ನಿಂತಿದ್ದವು. ಎಲ್ಡನ್ ತನ್ನದನ್ನೂ ಸಂದಿಯಲ್ಲಿ ತೂರಿಸಿ, ಯಾರ ಕಡೆಗೂ ನೋಡದೆ ಒಳನುಗ್ಗಿ, ನೆಲಮಾಳಿಗೆಯ ಮೆಟ್ಟಿಲಿಳಿದು, ದೇವರ ದಯೆಯಿಂದ ಸರಿಯಾದ ಬಾಗಿಲನ್ನೇ ತಳ್ಳಿದ.

ಹೊರಗೆ ಬಂದಾಗ ಲೋಕವೇ ಸುಂದರವಾಗಿ ಕಂಡಿತು. ಆ ಸುಂದರ ಲೋಕದ ನಟ್ಟನಡುವೆ ಎಂಬತ್ತರ ಆಸುಪಾಸಿನ ಮುದುಕಿಯೊಬ್ಬಳು ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಊರಿನ ಯಾವ ಹೆಣವೂ ಒಪಲ್ ಪ್ಲೂಮರ್‌ಳ ಅಪ್ಪಣೆಯಿಲ್ಲದೆ ಮಣ್ಣಿಗಿಳಿಯುವುದಿಲ್ಲ ಎನ್ನುವುದು ಎಲ್ಡನ್‌ಗೆ ಆಮೇಲೆ ತಿಳಿಯಿತು.

"ಅಂತೂ ಬಂದ್ಯಾ!" ಎಂದಳು. "ಅಪ್ಪ ಸತ್ತ ಮೇಲಾದ್ರೂ ಬಂದ್ಯಲ್ಲ, ರಸೆಲ್!"

"ಇಲ್ಲ ಕಣಮ್ಮ, ನಾನು ರಸೆಲ್ ಅಲ್ಲ. ಸುಮ್ನೆ ಬಾತ್‌ರೂಮಿಗೆ ಅಂತ..."

"ಮೂವತ್ತು ವರ್ಷ ಊರಿನ ಕಡೆ ತಲೆ ಹಾಕಿಲ್ಲ. ಬಂದೋನು ಸೀದಾ ಹೆಣದ ಹತ್ರ ಹೋಗೋದು ಬಿಟ್ಟು ಕಕ್ಕಸಿಗೆ ಹೋಗಿದೀಯ. ನಾಚ್ಕೆ ಆಗಲ್ವಾ?"

"ಅಮ್ಮಾ, ನನ್ ಹೆಸ್ರು ಎಲ್ಡನ್. ನಾನು ಐಯೋವಾದಿಂದ..."

"ಹೆಸ್ರೂ ಬದ್ಲಾಯಿಸ್ಕೊಂಡ್ಯಾ? ಅಪ್ಪ ಇಟ್ಟ ಹೆಸ್ರೂ ಬೇಡವಾಯ್ತಾ?" ಒಪಲ್ ಅವನ ತೋಳನ್ನು ಕೋಳಿಯ ರೆಕ್ಕೆ ಹಿಡಿದಂತೆ ಹಿಡಿದು ಮೆಟ್ಟಿಲು ಹತ್ತಿಸಿದಳು. "ಕರೀ ಸೂಟು ಹಾಕ್ಕೊಂಡ್ ಬಂದು, ಮಣ್ಣಿಗೆ ಬಂದಿಲ್ಲ ಅಂತಾನೆ! ಎಮೆಟ್, ನೋಡಿಲ್ಲಿ, ಯಾರು ಬಂದಿದಾನೆ ಅಂತ!"

ಎಮೆಟ್ ಎನ್ನುವ ಮುದುಕ ಮೂಗಿಗೆ ಆಮ್ಲಜನಕದ ಕೊಳವೆ ಸಿಕ್ಕಿಸಿಕೊಂಡು, ಸಿಲಿಂಡರನ್ನು ಚಕ್ರದ ಮೇಲೆ ಎಳೆಯುತ್ತ ಬಂದ. ಎಲ್ಡನ್‌ನ ಮುಖವನ್ನು ಹರಾಜಿಗೆ ಬಂದ ಎತ್ತನ್ನು ನೋಡುವಂತೆ ನೋಡಿದ. ಆಮೇಲೆ ಕೆನ್ನೆಗೆ ಒಂದು ಬಿಗಿದ. ಕೈಯಲ್ಲಿ ಕಸುವಿರಲಿಲ್ಲ, ಆದರೆ ಮನಸ್ಸಿಟ್ಟು ಹೊಡೆದಿದ್ದ.

"ಇದು ನಿಮ್ಮಮ್ಮನ ಪರವಾಗಿ," ಎಂದು ಏದುಸಿರುಬಿಟ್ಟ. "ಹೋಗು. ಅಲ್ಲಿ ಕೂತಿದಾಳೆ."

ತಪ್ಪಿಸಿಕೊಂಡು ಹೋಗೋಣವೆಂದರೆ ಹೊರಗೆ ಎಲ್ಡನ್‌ನ ಕಾರಿಗೆ ಅಡ್ಡಲಾಗಿ ಹೆಣ ಒಯ್ಯುವ ಉದ್ದನೆಯ ಕಾರು ಬಂದು ನಿಂತಿದ್ದು ಕಿಟಕಿಯಲ್ಲಿ ಕಂಡಿತು. ಅಷ್ಟರಲ್ಲಿ ಮುಂದಿನ ಸಾಲಿನ ಪಕ್ಕ ಗಾಲಿಕುರ್ಚಿಯಲ್ಲಿ ಕೂತಿದ್ದ ಹಣ್ಣುಮುದುಕಿ ಅವನ ಕಡೆ ಮುಖ ತಿರುಗಿಸಿದಳು. ಕಣ್ಣುಗಳಿಗೆ ಹಾಲಿನ ಕೆನೆಯಂಥ ಪೊರೆ. ಇವಳು ಹಿಲ್ಡಾ, ಸತ್ತ ಆಸ್ಕರ್‌ನ ಹೆಂಡತಿ. ಅವಳು ಗಾಳಿಯಲ್ಲಿ ಕೈ ಚಾಚಿ ತಡಕಿದಳು. ಆ ಕೈ ಎಲ್ಡನ್‌ನ ಕೈಗೆ ಸಿಕ್ಕಿತು.

"ರಸೆಲ್?"

ಚರ್ಚಿನಲ್ಲಿದ್ದವರೆಲ್ಲ ಕತ್ತು ಉದ್ದ ಮಾಡಿದರು. ಎಲ್ಡನ್‌ನ ಬಾಯಿ ಅಲ್ಲ ಎನ್ನಲು ತೆರೆಯಿತು. ಅವಳ ಬೆರಳುಗಳು ತಣ್ಣಗೆ ಒಣಗಿದ ಕಡ್ಡಿಗಳಂತಿದ್ದವು. ಬಿಡುವ ಲಕ್ಷಣ ಕಾಣಲಿಲ್ಲ.

"ಹೂಂ," ಎಂದುಬಿಟ್ಟ.

ಅಲ್ಲಿಂದ ಮುಂದೆ ಯಾವುದೂ ಅವನ ಕೈಯಲ್ಲಿರಲಿಲ್ಲ. ಶವದ ಪೆಟ್ಟಿಗೆ ಹೊರಲು ಆರು ಜನ ಬೇಕಿತ್ತು, ಊರಿನಲ್ಲಿ ನೆಟ್ಟಗೆ ನಿಲ್ಲಬಲ್ಲ ಗಂಡಸರು ಐವರೇ ಸಿಕ್ಕಿದ್ದರು, ಆ ಐವರಲ್ಲಿ ಎಮೆಟ್ ಒಬ್ಬ. ಮಗ ಬಂದ ಮೇಲೆ ಕೇಳುವುದೇನು? ಎಲ್ಡನ್‌ನನ್ನು ಮುಂದಿನ ಹಿಡಿಕೆಗೆ ನಿಲ್ಲಿಸಿದರು. ಸ್ಮಶಾನ ಊರಿನ ಹಿಂದಿನ ದಿಬ್ಬದ ಮೇಲಿತ್ತು. ಕಾರು ಹೋಗುವುದು ಗೇಟಿನವರೆಗೆ ಮಾತ್ರ. ಅಲ್ಲಿಂದ ಮೇಲಕ್ಕೆ ಏಪ್ರಿಲ್‌ನ ಕೆಸರು, ಮೈಲಿಗಟ್ಟಲೆ ತಡೆಯಿಲ್ಲದೆ ಬೀಸಿ ಬರುವ ಗಾಳಿ, ಮತ್ತು ಆಸ್ಕರ್.

ಆಸ್ಕರ್ ಸಣ್ಣ ಆಳಲ್ಲ. ಪೆಟ್ಟಿಗೆಯಲ್ಲಿ ಅವನ ಜೊತೆಗೆ ಅವನ ಟ್ರ್ಯಾಕ್ಟರನ್ನೂ ಇಟ್ಟಿದ್ದಾರೇನೋ ಎನ್ನಿಸಿತು ಎಲ್ಡನ್‌ಗೆ. ಹತ್ತು ಹೆಜ್ಜೆಗೊಮ್ಮೆ ಎಲ್ಲರೂ ನಿಂತರು. ನಿಂತಾಗಲೆಲ್ಲ ಎಮೆಟ್‌ನ ಸಿಲಿಂಡರು ಹಿಂದಕ್ಕೆ ಉರುಳಿತು, ಯಾರಾದರೂ ಓಡಿಹೋಗಿ ಹಿಡಿದು ತಂದರು.

"ಬದುಕಿದ್ದಾಗ ಒಂದು ದಿನಾನೂ ತನ್ನ ಭಾರ ತಾನು ಹೊತ್ತೋನಲ್ಲ," ಎಂದು ಹಿಂದಿನ ಹಿಡಿಕೆಯವನು ಗೊಣಗಿದ. "ಸತ್ತ ಮೇಲೆ ಹೊರ್ತಾನಾ!"

"ಮೆಲ್ಲಗೆ ಮಾತಾಡೋ, ಮಗ ಇದಾನೆ."

"ಇರ್ಲಿ ಬಿಡು, ಅವನೂ ಅಷ್ಟೇ."

ಅರ್ಧ ದಿಬ್ಬದಲ್ಲಿ ಯಾರದೋ ಬೂಟು ಕೆಸರಿನಲ್ಲೇ ಉಳಿದು ಕಾಲೊಂದೇ ಮುಂದೆ ಬಂತು. ಪೆಟ್ಟಿಗೆ ಎಡಕ್ಕೆ ವಾಲಿತು. ಎಲ್ಡನ್ ಮೊಣಕಾಲೂರಿ ಭುಜ ಕೊಟ್ಟ; ಒಳಗೆ ಆಸ್ಕರ್ ಅವನ ಕಡೆಗೆ ಜರುಗಿದ್ದು ಹಲಗೆಯಾಚೆಯಿಂದ ಸ್ಪಷ್ಟವಾಗಿ ತಿಳಿಯಿತು. ಇಬ್ಬರೂ ಒಂದು ಗಳಿಗೆ ಕೆನ್ನೆಗೆ ಕೆನ್ನೆ ಕೊಟ್ಟವರಂತೆ ಹಾಗೇ ಇದ್ದರು.

ಗುಂಡಿಯ ಪಕ್ಕ ಪಾದ್ರಿ ಪ್ರಾರ್ಥನೆ ಮುಗಿಸಿದ. ಕಳೆದ ಶರತ್ಕಾಲದಲ್ಲಷ್ಟೇ ಆ ಊರಿಗೆ ಬಂದಿದ್ದ ಎಳೆಯ ಪಾದ್ರಿ ಅವನು, ಒಪಲ್‌ಗೆ ದೇವರಿಗಿಂತ ಹೆಚ್ಚು ಹೆದರುತ್ತಿದ್ದ. ಅವಳು ಕಣ್ಣಲ್ಲೇ ಸನ್ನೆ ಮಾಡಿದಳು. "ಈಗ ಮಗ ನಾಲ್ಕು ಮಾತಾಡ್ತಾರೆ," ಎಂದು ಪಾದ್ರಿ ಸಾರಿದ.

ಎಲ್ಡನ್ ಕೆಸರು ಮೆತ್ತಿದ ಮೊಣಕಾಲಿನಲ್ಲಿ ನಿಂತ. ಎದುರಿಗೆ ಇಡೀ ಹ್ಯಾಡ್ಲರ್. ಆಸ್ಕರ್ ಕುಳ್ಳನೋ ಉದ್ದನೋ, ನಗುತ್ತಿದ್ದನೋ ಬೈಯುತ್ತಿದ್ದನೋ, ಅವನಿಗೆ ಒಂದೂ ಗೊತ್ತಿಲ್ಲ. ಗೊತ್ತಿದ್ದದ್ದು ಅವನ ತೂಕ ಮಾತ್ರ. ಆದರೆ ದಾರಿಯುದ್ದಕ್ಕೂ ಸ್ಟೀರಿಂಗಿಗೆ ಹೇಳಿ ಹೇಳಿ ಅಭ್ಯಾಸ ಮಾಡಿದ ಮಾತು ಅವನ ನಾಲಿಗೆಯ ಮೇಲೆ ಇದ್ದೇ ಇತ್ತು.

"ನಾವು ಮಾತು ಬಿಟ್ಟಿದ್ವಿ," ಎಂದ. "ಯಾಕೆ ಅಂದ್ರೆ, ಸ್ಮಶಾನದಲ್ಲಿ ಅಮ್ಮನ ಪಕ್ಕ ಯಾರು ಮಲಗ್ಬೇಕು ಅಂತ. ನಗಬೇಡಿ. ಸತ್ತ ಮೇಲೆ ಎಲ್ಲಿ ಮಲಗೋದು ಅಂತ ಜಗಳ ಆಡಿ ಬದುಕಿದ್ದಾಗ ಒಂದು ಮೇಜಿಗೆ ಕೂರೋದು ಬಿಟ್ವಿ. ಕಾಲಬುಡದಲ್ಲಿ ಮಲಕ್ಕೋ ಅಂದ. ನಾನೇನು ನಾಯೀನಾ ಅಂದೆ. ಅಷ್ಟೇ."

ಯಾರೂ ನಗಲಿಲ್ಲ. ಗಾಳಿ ಒಂದೇ ಸಮನೆ ಬೀಸುತ್ತಿತ್ತು.

"ಅವನು ನಂಗೆ ಈಜು ಕಲಿಸ್ದ. ಕಲಿಸ್ದ ಅಂದ್ರೆ, ಕೆರೆಗೆ ತಳ್ದ. ಮುಳುಗ್ತಿದ್ದಾಗ ಬಟ್ಟೆ ಸಮೇತ ತಾನೂ ಹಾರ್ದ. ಅವನಿಗೇ ಈಜು ಬರ್ತಿರ್ಲಿಲ್ಲ. ಇಬ್ರನ್ನೂ ಬೇರೆ ಯಾರೋ ಎತ್ತಿದ್ರು. ಹೀಗೇ ಅವನು. ತಪ್ಪೆಲ್ಲ ಅವನದೇ, ಆದ್ರೆ ಜೊತೆಗೆ ಮುಳುಗೋನೂ ಅವನೇ. ಪ್ರತಿ ಭಾನುವಾರ ಫೋನು ಎತ್ಕೋತಿದ್ದೆ. ಮಾಡ್ಲಿಲ್ಲ. ಅವನೇ ಮಾಡ್ಲಿ ಅಂತ ಕಾದೆ. ತಪ್ಪಾಯ್ತು ಅಂತ ಒಂದು ಮಾತು, ಮೂರು ಸೆಕೆಂಡು ಹಿಡಿಯಲ್ಲ. ಅದನ್ನ ಹೇಳೋಕಾಗ್ಲಿಲ್ಲ ನನ್ ಕೈಲಿ. ಈಗ ಹೇಳ್ತಿದೀನಿ. ತಪ್ಪಾಯ್ತು ಕಣೋ. ನೀನಂದ್ರೆ ನಂಗೆ ಪ್ರಾಣ."

ಒಪಲ್ ಪ್ಲೂಮರ್ ಊರಿಗೇ ಕೇಳುವಂತೆ ಅತ್ತಳು. ಎಮೆಟ್ ಮೂಗಿನ ಕೊಳವೆ ಕಿತ್ತು ಕಣ್ಣೊರೆಸಿಕೊಂಡ. "ಆಸ್ಕರ್ ನೀರಿಗೆ ಹಾರಿದ್ನಾ?" ಎಂದು ಹಿಂದಿನ ಹಿಡಿಕೆಯವನು ಪಿಸುಗುಟ್ಟಿದ. "ನಾನಂತೂ ಅವನು ಸ್ನಾನ ಮಾಡಿದ್ದೂ ನೋಡಿಲ್ಲ."

ಎಲ್ಡನ್‌ಗೆ ಎದೆಯ ಮೇಲಿನ ಬಂಡೆಗಲ್ಲು ಇಳಿದಂತಾಗಿತ್ತು. ಅದು ಇಳಿದ ಜಾಗ ಮಾತ್ರ ತಪ್ಪು ಗುಂಡಿ.

ಹೊತ್ತು ಎರಡೂವರೆ ದಾಟಿತ್ತು. ಆರ್ಡೆನ್ ಇನ್ನೂ ಒಂದು ಗಂಟೆಯ ದಾರಿ. ಆದರೆ ಮಗನನ್ನು ಊಟ ಮಾಡಿಸದೆ ಕಳಿಸುವ ಊರಲ್ಲ ಹ್ಯಾಡ್ಲರ್. ಮತ್ತೆ ಅದೇ ನೆಲಮಾಳಿಗೆ. ಹ್ಯಾಮ್ ಇಟ್ಟ ಬನ್ನು, ಚೀಸಿನಲ್ಲಿ ಹೂತ ಆಲೂಗಡ್ಡೆ, ಕ್ಯಾರೆಟ್ ತುರಿ ಸಿಕ್ಕಿಹಾಕಿಕೊಂಡ ಹಸಿರು ಜೆಲ್ಲಿ. ತಟ್ಟೆ ಖಾಲಿಯಾದರೆ ಒಬ್ಬಳು ತುಂಬುವಳು, ಖಾಲಿಯಾಗದಿದ್ದರೆ ಇನ್ನೊಬ್ಬಳು ಬೈಯುವಳು. ಆ ಉದ್ದನೆಯ ಕಾರಿನ ಯಜಮಾನ ಅದನ್ನು ಮತ್ತೆ ಅದೇ ಜಾಗಕ್ಕೆ ತಂದು ನಿಲ್ಲಿಸಿ, ಮೂರನೆಯ ಸಲ ಜೆಲ್ಲಿ ಬಡಿಸಿಕೊಳ್ಳುತ್ತಿದ್ದ. ಅವನು ಏಳದೆ ಎಲ್ಡನ್‌ನ ಕಾರು ಹೊರಡುವಂತಿರಲಿಲ್ಲ.

"ಸ್ವಾಮಿ, ಸ್ವಲ್ಪ ಕಾರು ತೆಗೀತೀರಾ? ಇನ್ನೊಂದು ಮಣ್ಣಿಗೆ ಹೋಗ್ಬೇಕು," ಎಂದು ಎಲ್ಡನ್ ಬೇಡಿಕೊಂಡ.

"ಒಂದೇ ದಿನಕ್ಕೆ ಎರಡಾ?" ಆತ ಅಭಿಮಾನದಿಂದ ನೋಡಿದ. "ನನ್ ಕಸುಬಲ್ಲೇ ಅಷ್ಟು ಇಲ್ಲ ಮಾರಾಯ. ಕೂತ್ಕೋ, ಪೈ ಬರ್ತಿದೆ."

ಯಾರೋ ಎಲ್ಡನ್‌ನ ಕೋಟಿನ ತುದಿ ಎಳೆದರು. ಹಿಲ್ಡಾ. ಬಗ್ಗು ಎಂದು ಸನ್ನೆ ಮಾಡಿದಳು. ಅವನು ಗಾಲಿಕುರ್ಚಿಯ ಪಕ್ಕ ಕುಕ್ಕರಗಾಲಲ್ಲಿ ಕೂತ.

"ನೀನು ರಸೆಲ್ ಅಲ್ಲ ಅಂತ ನಂಗೊತ್ತಪ್ಪ," ಎಂದಳು ಮೆಲ್ಲಗೆ. "ಕಣ್ಣು ಹೋಗಿದೆ, ತಲೆ ಹೋಗಿಲ್ಲ. ಬರಲ್ಲ ಅಂತ ಅವನು ನಿನ್ನೆ ಫೋನಲ್ಲೇ ಹೇಳಿದಾನೆ."

ಎಲ್ಡನ್ ಕಿವಿಯವರೆಗೆ ಕೆಂಪಾದ. "ಮತ್ತೆ ಯಾಕಮ್ಮ...?"

"ಊರಿನೋರೆಲ್ಲ ಬೆಳಗ್ಗೆಯಿಂದ ನನ್ನ ನೋಡಿ ಲೊಚಗುಟ್ತಿದ್ರು. ಪಾಪ, ಪಾಪ ಅಂತ. ಮಗ ಬಂದ ಅಂದ ಮೇಲೆ ನಿಲ್ಲಿಸಿದ್ರು. ಇನ್ನು ಮೇಲೆ ನಾನು ನೆಮ್ಮದಿಯಾಗಿ ಸಾಯ್ಬಹುದು." ಅವಳು ಅವನ ಕೈ ತಟ್ಟಿದಳು. "ಆಸ್ಕರ್ ಬಗ್ಗೆ ಅಷ್ಟು ಒಳ್ಳೆ ಮಾತು ಯಾರೂ ಆಡಿರ್ಲಿಲ್ಲ. ಆಡೋ ಅಂಥದ್ದೂ ಏನಿರ್ಲಿಲ್ಲ ಬಿಡು. ಯಾರಿಗೆ ಹೇಳ್ತಿದ್ದೆ ಅದನ್ನ?"

"ನಮ್ಮಣ್ಣಂಗೆ."

"ಹಾಗಾದ್ರೆ ಇಲ್ಲೇನು ಮಾಡ್ತಿದೀಯಾ? ಹೋಗು!" ಎಂದವಳೇ ಸತ್ತ ಆಸ್ಕರ್‌ಗೂ ಕೇಳುವಂತೆ ಕೂಗಿದಳು. "ಲೇ ನಾರ್ಬರ್ಟ್! ತಿಂದಿದ್ದು ಸಾಕು, ನಿನ್ ಹೆಣದ ಗಾಡಿ ತೆಗಿ!"

ಎಲ್ಡನ್ ಜೀವಮಾನದಲ್ಲಿ ಓಡಿಸದಷ್ಟು ಜೋರಾಗಿ ಓಡಿಸಿದ. ನೀರಿನ ಟ್ಯಾಂಕುಗಳು, ಗೋಪುರಗಳು, ಚರ್ಚಿನ ಬೋರ್ಡುಗಳು ಹಿಂದಕ್ಕೆ ಓಡಿದವು. ಒಂದು ಊರಿನ ಬಾಗಿಲಲ್ಲಿ ಪೊಲೀಸ್ ಕಾರು ನಿಂತಿತ್ತು, ಒಳಗೆ ಟೋಪಿ. ಈ ಸಲ ಬೊಂಬೆಗೆ ಮರ್ಯಾದೆ ಕೊಡುವವನಲ್ಲ ಎಂದು ಎಲ್ಡನ್ ವೇಗ ಇಳಿಸಲಿಲ್ಲ. ಈ ಸಲ ಅದು ಬೊಂಬೆಯಾಗಿರಲಿಲ್ಲ.

"ಅಣ್ಣನ ಮಣ್ಣಿಗೆ ಹೋಗ್ತಿದೀನಿ ಸರ್," ಎಂದ ಎಲ್ಡನ್.

ಪೊಲೀಸಿನವನು ಅವನ ಮೊಣಕಾಲಿನ ಕೆಸರು ನೋಡಿದ. "ನೋಡಿದ್ರೆ ಮುಗಿಸ್ಕೊಂಡು ಬಂದ ಹಾಗಿದೆ," ಎಂದು ಬಿಡುವಾಗಿ ದಂಡದ ಚೀಟಿ ಬರೆಯಲು ಕೂತ. ಅಕ್ಷರ ಬಹಳ ಮುದ್ದಾಗಿತ್ತು. ಒಂದೊಂದನ್ನೂ ಸಮಯ ತೆಗೆದುಕೊಂಡು ತಿದ್ದಿದ.

ಆರ್ಡೆನ್ ಮುಟ್ಟಿದಾಗ ಹಾಲ್‌ನ ಮುಂದೆ ಜನ ಚದುರುತ್ತಿದ್ದರು. ಹೆಂಗಸರು ಖಾಲಿ ಪಾತ್ರೆಗಳನ್ನು ಕಾರಿಗೆ ತುಂಬುತ್ತಿದ್ದರು. ಬಾಗಿಲಲ್ಲಿ ವರ್ಲಾ ನಿಂತಿದ್ದಳು, ಹಳದಿ ಹೂವಿನ ಅಂಗಿಯಲ್ಲಿ. ಒಂಬತ್ತು ವರ್ಷಕ್ಕೆ ಹದಿನೈದು ವರ್ಷದಷ್ಟು ಮುದುಕಿಯಾಗಿದ್ದಳು.

"ಈಗ ಬಂದ್ಯಾ?" ಎಂದಳಷ್ಟೇ.

"ಮುಗೀತಾ?" ಎಂದ ಎಲ್ಡನ್. "ಒಂದ್ಸಲ ಮುಖ ನೋಡ್ಬಹುದಾ? ಇಲ್ಲಾ, ಆಗ್ಲೇ ಮಣ್ಣು..."

ವರ್ಲಾ ಅವನನ್ನು ವಿಚಿತ್ರವಾಗಿ ನೋಡಿ ಒಳಗೆ ಕೈ ತೋರಿಸಿದಳು.

ಎಲ್ಡನ್ ತಲೆ ತಗ್ಗಿಸಿಕೊಂಡು ಒಳಗೆ ಹೋದ. ಬಲೂನುಗಳು ತೂಗುತ್ತಿದ್ದವು. ಬಲೂನುಗಳ ಕೆಳಗೆ ಒರಗುಕುರ್ಚಿ, ಅದರಲ್ಲಿ ಕಂಬಳಿ ಹೊದ್ದು, ತಲೆಗೂದಲೆಲ್ಲ ಉದುರಿ, ಮೂಳೆಯೂ ಚರ್ಮವೂ ಆಗಿ, ಲೋವೆಲ್ ರೀಪ ಕೂತು ಚೆರ್ರಿ ಪೈ ತಿನ್ನುತ್ತಿದ್ದ.

ಎಲ್ಡನ್ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಹೆದರ್ಕೋಬೇಡ, ಇನ್ನೂ ಇದೀನಿ," ಎಂದ ಲೋವೆಲ್. ದನಿ ಮಾತ್ರ ಹಳೆಯದೇ. "ಒಂದು ತಿಂಗಳೋ ಏನೋ ಅಂದಿದಾರೆ. ಸತ್ತ ಮೇಲೆ ಹೊಗಳ್ತಾರಲ್ಲ, ಅದನ್ನ ಕೇಳೋಕೆ ನಾನಿರಲ್ವಲ್ಲ ಅಂತ ಈಗಲೇ ಇಟ್ಕೊಂಡೆ. ಎಲ್ರೂ ಮಾತಾಡಿದ್ರು. ನನ್ನ ಕಂಡ್ರೆ ಆಗದೋರೂ ಬಂದು ಅತ್ರು. ಖಾಲಿ ಇದ್ದದ್ದು ನಿನ್ನ ಕುರ್ಚಿ ಒಂದೇ."

"ನಾನು... ನೀನು ಸತ್ತಿದೀಯ ಅಂದ್ಕೊಂಡೆ."

"ಬೇಜಾರಾಯ್ತಾ?"

"ಅಯ್ಯೋ, ಹಾಗಲ್ಲ ಲೋವೆಲ್..."

"ಕರಿ ಕೋಟು ಬೇಡ ಅಂತ ಹೇಳಿರ್ಲಿಲ್ವಾ?" ಲೋವೆಲ್ ತಟ್ಟೆ ಪಕ್ಕಕ್ಕಿಟ್ಟ. ಬಾಯಿಯ ಮೂಲೆಯಲ್ಲಿ ಚೆರ್ರಿಯ ಕೆಂಪು. ದನಿ ತಗ್ಗಿತು. "ಸರಿ, ಬಂದ್ಯಲ್ಲ. ಹೇಳು ಈಗ. ಏನು ಹೇಳ್ಬೇಕು ಅಂತಿದ್ದೆ?"

ಎಲ್ಡನ್ ಬಾಯಿ ತೆರೆದ. ಎರಡು ಗಂಟೆಯ ಹಿಂದೆ ಕಂಡರಿಯದ ಜನರ ಮುಂದೆ, ಕಂಡರಿಯದವನ ಪೆಟ್ಟಿಗೆಗೆ, ನಲ್ಲಿ ಬಿಟ್ಟಂತೆ ಸುರಿದಿತ್ತು ಮಾತು. ಈಗ ಎದುರಿಗಿರುವುದು ಅಣ್ಣ. ಅಮ್ಮನ ಕಣ್ಣೇ ಇವನಿಗೆ ಬಂದಿದೆ. ಆ ಕಣ್ಣು ಕಾಯುತ್ತಿದೆ, ಬೇಡುತ್ತಿದೆ, ಜೊತೆಗೆ ಒಂಚೂರು ಗೆದ್ದ ಹಾಗೆಯೂ ನೋಡುತ್ತಿದೆ. ಮೂರು ಸೆಕೆಂಡಿನ ಮಾತು ಗಂಟಲವರೆಗೆ ಬಂತು. ಅಲ್ಲಿಂದ ಮುಂದೆ ಒಂದು ಕೂದಲೆಳೆಯಷ್ಟೂ ಜರುಗಲಿಲ್ಲ.

"ದಾರೀಲಿ ಗಾಳಿ ಜಾಸ್ತಿ ಇತ್ತು," ಎಂದ ಎಲ್ಡನ್.

"ಗಾಳಿ." ಲೋವೆಲ್ ತಲೆಯಾಡಿಸಿದ. "ಒಂಬತ್ತು ವರ್ಷ ಆದ್ಮೇಲೆ ಗಾಳಿ. ಎಲ್ಲಿದ್ದೆ ಇಷ್ಟು ಹೊತ್ತು?"

"ಒಂದು ಮಣ್ಣಿಗೆ ಹೋಗಿದ್ದೆ."

"ಯಾರದು?"

"ಗೊತ್ತಿಲ್ಲ."

"ಗೊತ್ತಿಲ್ವಾ!" ಲೋವೆಲ್ ಕುರ್ಚಿಯ ಕೈ ಹಿಡಿದು ಅರ್ಧ ಎದ್ದ. ಸಾಯುವವನಲ್ಲಿ ಅಷ್ಟು ಕಸುವಿದೆಯೆಂದು ಯಾರೂ ಎಣಿಸಿರಲಿಲ್ಲ. "ವರ್ಲಾ, ಕೇಳಿಸ್ಕೊಂಡ್ಯಾ? ಯಾರೂ ಅಂತಾನೇ ಗೊತ್ತಿಲ್ಲದೋನ ಮಣ್ಣಿಗೆ ಹೋಗಿ ಬಂದಿದಾನೆ! ಸ್ವಂತ ಅಣ್ಣನ್ನ ಕಾಯಿಸಿ! ಕಾಲು ನೋಡು, ಕೆಸರು!"

"ಅಲ್ಲಿ ಆರನೆಯೋನು ಇರ್ಲಿಲ್ಲ ಕಣೋ!"

"ಇಲ್ಲಿ ತಮ್ಮ ಇರ್ಲಿಲ್ಲ ಕಣೋ!"

"ನೀನೇ ಫೋನ್ ಮಾಡಿದ್ರೆ ಆಗ್ತಿತ್ತಲ್ಲ! ಹೆಂಡ್ತಿ ಕೈಲಿ ಯಾಕೆ ಮಾಡಿಸ್ದೆ?"

"ನೀನು ಎತ್ತಿದ್ರೆ ತಾನೆ!"

ಪಾತ್ರೆ ಹಿಡಿದ ಹೆಂಗಸರು ಬಾಗಿಲಲ್ಲಿ ಗುಂಪುಗೂಡಿದರು. ಆ ದಿನ ಮೂರರಿಂದ ನಾಲ್ಕೂವರೆಯವರೆಗೆ ಅವರು ಕೇಳಿದ ಭಾಷಣಗಳಿಗಿಂತ ಇದು ಎಷ್ಟೋ ಜೀವಂತವಾಗಿತ್ತು. ಕೊನೆಗೆ ಲೋವೆಲ್‌ಗೆ ಕೆಮ್ಮು ಹತ್ತಿತು. ಎಲ್ಡನ್ ನೀರು ಕೊಡಲು ಹೋದ. ಲೋವೆಲ್ ಲೋಟವನ್ನು ತಳ್ಳಿದ.

"ಹೊರಡು. ನಿಜವಾದ ದಿನಕ್ಕಾದ್ರೂ ಟೈಮಿಗೆ ಬಾ."

ಎಲ್ಡನ್ ಹೊರಗೆ ಬಂದು ಕಾರಿನಲ್ಲಿ ಕೂತ. ಸ್ವಲ್ಪ ಹೊತ್ತಿಗೆ ವರ್ಲಾ ಬಂದು, ಕಾಗದ ಮುಚ್ಚಿದ ಪೈ ತಟ್ಟೆಯನ್ನು ಕಿಟಕಿಯಿಂದ ಒಳಗೆ ಚಾಚಿದಳು. ಒಳಗಿನ ಕೆಮ್ಮು ಅಲ್ಲಿಯವರೆಗೂ ಕೇಳುತ್ತಿತ್ತು.

"ಆಗ ಬರ್ತೀಯಲ್ಲ?" ಎಂದಳು.

"ಬರ್ತೀನಿ."

"ಮಾತಾಡ್ತೀಯಾ?"

"ಆಗ ಮಾತಾಡ್ತೀನಿ."

ವರ್ಲಾ ಕಿಟಕಿ ಬಿಟ್ಟು ಕದಲಲಿಲ್ಲ. "ಆಗ ಅವನಿಗೆ ಕೇಳ್ಸಲ್ಲ ಎಲ್ಡನ್."

"ಅದಕ್ಕೇ," ಎಂದ ಎಲ್ಡನ್.